ಹೊಗೆ ಬೇರೆ, ನಿಕೋಟಿನ್ ಬೇರೆ

ನಮ್ಮ ಕಾಸರಗೋಡಿನ ಕಡೆ ಬೀಡಿ ಕಟ್ಟಿ ಬದುಕಿದ ಮನೆಗಳು ಬೇಕಾದಷ್ಟಿವೆ. ಬೀಡಿ ಸೇದಿ ಎದೆ ಕೆಡಿಸಿಕೊಂಡವರೂ ಕಡಿಮೆಯಿಲ್ಲ. ಹಾಗಾಗಿ ದೂರದೂರಿನ ಈ ಚರಿತ್ರೆ ನಮಗೂ ಸಂಬಂಧಪಟ್ಟದ್ದೇ ಎಂದು ನಾನು ತಿಳಿಯುತ್ತೇನೆ.

1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬಿಬ್ಬರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದರು. 1976ರಲ್ಲಿ ಲಂಡನ್ನಿನ ವೈದ್ಯ ಮೈಕೆಲ್ ರಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೇದುವವನನ್ನು ಕಟ್ಟಿಹಾಕುವುದು ನಿಕೋಟಿನ್. ಕೊಲ್ಲುವುದು ಸುಟ್ಟ ಎಲೆಯ ಟಾರು ಎಂಬುದು ಅವರ ವಾದದ ಸಾರ. ಹಾಗಾದರೆ ಸುಡದೆಯೇ ನಿಕೋಟಿನ್ ಕೊಡಬಹುದಲ್ಲ?

ಚೀನಾದ ಔಷಧ ತಜ್ಞ ಹೊನ್ ಲಿಕ್ ಸ್ವತಃ ಸೇದುವವರು. 2003ರ ಹೊತ್ತಿಗೆ ಅವರು ಇ-ಸಿಗರೇಟು ಮಾಡಿದರು. ಈಗಿನವುಗಳಲ್ಲಿ ಬ್ಯಾಟರಿ ದ್ರವವನ್ನು ಬಿಸಿಮಾಡಿ ಆವಿ ಕೊಡುತ್ತದೆ, ಬೆಂಕಿಯಿಲ್ಲ, ಬೂದಿಯಿಲ್ಲ. 2015ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಸಂಸ್ಥೆ ಇದರ ಹಾನಿ ಸಿಗರೇಟಿಗಿಂತ ಸುಮಾರು ಶೇ. 95 ಕಡಿಮೆ ಎಂದಿತು. ಆ ಅಂಕಿಯನ್ನು ಒಪ್ಪದ ವೈದ್ಯರೂ ಇದ್ದಾರೆ. ಕಡಿಮೆ ಹಾನಿ ಅಂದರೆ ಹಾನಿಯೇ ಇಲ್ಲ ಅಂತಲ್ಲ, ಚಟವಂತೂ ಉಳಿಯುತ್ತದೆ.

ನಮ್ಮ ದೇಶ 2019ರಲ್ಲಿ ಇದರ ತಯಾರಿ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿತು. ಮಕ್ಕಳು ಹೊಸ ಚಟಕ್ಕೆ ಬೀಳಬಾರದೆಂಬ ಕಾಳಜಿ ಸರಿಯೇ. ಆದರೆ ಬೀಡಿ ಮಾತ್ರ ಅಂಗಡಿಯಲ್ಲಿ ಹಾಗೇ ಉಳಿಯಿತು. ನಲವತ್ತು ವರ್ಷ ಸೇದಿದವನಿಗೆ ಉಳಿದ ದಾರಿ ಯಾವುದು? ರಸೆಲ್ಲರ ಅದೇ ತತ್ತ್ವದ ನಿಕೋಟಿನ್ ಗಮ್ ನಮ್ಮ ಔಷಧಿ ಅಂಗಡಿಗಳಲ್ಲೇ ಸಿಗುತ್ತದೆ. ಬರೀ "ಬಿಡು ಮಾರಾಯ" ಅನ್ನುವ ಬದಲು, ವೈದ್ಯರ ಹತ್ತಿರ ಅದನ್ನು ಕೇಳಿನೋಡು ಅನ್ನೋಣ.