ಚುಕ್ಕೆನಾಯಿಯ ವಂಶಶುದ್ಧಿ

ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ವ್ಯಾಧಿಗೆ ನಮ್ಮ ವೈದ್ಯಶಾಸ್ತ್ರದಲ್ಲಿ ಅಶ್ಮರಿಯೆಂದು ಹೆಸರು. ಸುಶ್ರುತಾಚಾರ್ಯರು ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿ, ಔಷಧಗಳಿಂದ ಗುಣವಾಗದಿದ್ದಲ್ಲಿ ಮಾತ್ರವೇ, ಅದೂ ಪ್ರಭುವಿನ ಅನುಮತಿಯನ್ನು ಪಡೆದು, ಶಸ್ತ್ರಪ್ರಯೋಗ ಮಾಡತಕ್ಕುದೆಂದು ವಿಧಿಸಿರುವರು. ವ್ಯಾಧಿಯು ಎಷ್ಟು ದಾರುಣವೆಂಬುದಕ್ಕೆ ಈ ಎಚ್ಚರಿಕೆಯೇ ಸಾಕ್ಷಿ. ಮನುಷ್ಯರಲ್ಲಿ ಇದು ಯಾರೋ ಕೆಲವರಿಗೆ ಬರುವುದು. ಆದರೆ ಒಂದು ಪ್ರಾಣಿಕುಲಕ್ಕೆ ಕುಲವೇ ಈ ವ್ಯಾಧಿಯ ಬೀಜವನ್ನು ಹುಟ್ಟಿನಿಂದಲೇ ಹೊತ್ತು ಬರುವುದೂ, ಆ ಬೀಜವನ್ನು ಕಳೆಯುವ ಉಪಾಯವು ಕೈಗೆ ಬಂದ ತರುವಾಯವೂ ಆ ಪ್ರಾಣಿಯನ್ನು ಪ್ರೀತಿಯಿಂದ ಸಾಕಿದವರೇ ಅದು ಬೇಡವೆಂದು ಮೂವತ್ತು ವರ್ಷಗಳ ಕಾಲ ಪಟ್ಟುಹಿಡಿದುದೂ ಇತಿಹಾಸದಲ್ಲಿ ವಿರಳವಾದ ಸಂಗತಿ. ಡಾಲ್ಮೇಶಿಯನ್ ಎಂಬ ನಾಯಿಯ ವೃತ್ತಾಂತವು ಇಂತಹುದು.

ಈ ನಾಯಿಯನ್ನು ಚಿತ್ರದಲ್ಲಾದರೂ ನೋಡದವರು ವಾಚಕರಲ್ಲಿ ವಿರಳ. ಸುಣ್ಣ ಬಳಿದಂತಹ ಬಿಳಿಯ ಮೈ. ಅದರ ಮೇಲೆ ಶಾಯಿಯ ಹನಿಗಳನ್ನು ಎಣಿಸಿ ಇಟ್ಟಂತೆ ಕಪ್ಪು ಅಥವಾ ಕಂದುಬಣ್ಣದ ದುಂಡು ಚುಕ್ಕೆಗಳು. ಏಡ್ರಿಯಾಟಿಕ್ ಸಮುದ್ರತೀರದ ಡಾಲ್ಮೇಶಿಯಾ ಪ್ರಾಂತದಿಂದ ಇದಕ್ಕೆ ಹೆಸರು ಬಂದಿರುವುದಾದರೂ, ಇದು ನಿಜವಾಗಿ ಅಲ್ಲಿಯದೇ ಎಂಬ ವಿಷಯದಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಇದರ ಕೀರ್ತಿ ಬೆಳೆದುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಶ್ರೀಮಂತರ ಕುದುರೆಗಾಡಿಗಳ ಜೊತೆಯಲ್ಲಿ, ಗಾಲಿಗಳ ಪಕ್ಕದಲ್ಲೋ ಅಚ್ಚಿನ ಕೆಳಗೋ, ಮೈಲಿಗಟ್ಟಲೆ ದಣಿಯದೆ ಓಡುವುದೂ, ಗಾಡಿ ನಿಂತಲ್ಲಿ ಕುದುರೆಗಳನ್ನು ಕಾಯುವುದೂ ಇದರ ವೃತ್ತಿಯಾಗಿದ್ದಿತು. ಅಮೆರಿಕದಲ್ಲಿ ಬೆಂಕಿಯಾರಿಸುವ ಯಂತ್ರಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ ಇದು ಆ ಠಾಣೆಗಳ ನಾಯಿಯಾಯಿತು. ಮೋಟಾರು ಬಂದು ಕುದುರೆ ಹೋದ ಮೇಲೆ ವೃತ್ತಿಯೂ ಹೋಯಿತು. ಉಳಿದುದು ಚುಕ್ಕೆಗಳು ಮಾತ್ರ. ವಿಚಿತ್ರವೆಂದರೆ ಮರಿಗಳು ಹುಟ್ಟುವಾಗ ಮೈಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಎರಡು ಮೂರು ವಾರಗಳು ಕಳೆದಂತೆ, ಸಂಜೆಯ ಆಕಾಶದಲ್ಲಿ ನಕ್ಷತ್ರಗಳು ಮೂಡುವಂತೆ, ಒಂದೊಂದಾಗಿ ಕಾಣಿಸಿಕೊಳ್ಳುವುವು.

ವೃತ್ತಿಯಿಂದ ನಾಯಿಯನ್ನು ಅಳೆಯುವುದು ಒಂದು ಬಗೆ, ರೂಪದಿಂದ ಅಳೆಯುವುದು ಮತ್ತೊಂದು ಬಗೆ. ಪೂರ್ವಕಾಲದಲ್ಲಿ ಬೇಟೆಗಾರನು ಮೂಗಿನ ಚುರುಕನ್ನೂ ಕುರಿಗಾಹಿಯು ಬುದ್ಧಿಯನ್ನೂ ನೋಡಿ ಮರಿ ಹಾಕಿಸುತ್ತಿದ್ದರು. ಕೆಲಸಕ್ಕೆ ಬಾರದ ನಾಯಿಗೆ ಸಂತತಿಯಿರಲಿಲ್ಲ. ಕೆಲಸ ಮಾಡುವ ನಾಯಿಯ ತಾಯಿ ಯಾರೆಂದು ಕೇಳುವವರೂ ಹೆಚ್ಚಿರಲಿಲ್ಲ. 1859ನೆಯ ಇಸವಿಯ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿ ನಡೆದ ಒಂದು ಪ್ರದರ್ಶನದಿಂದ ಈ ಕ್ರಮವು ಬದಲಾಗತೊಡಗಿತೆಂದು ಹೇಳಬಹುದು. ಅಲ್ಲಿಗೆ ಬಂದುವು 60 ನಾಯಿಗಳು, ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡು ಬೇಟೆಯ ತಳಿಗಳು ಮಾತ್ರ, ಬಹುಮಾನವು ಬಂದೂಕಗಳು. 1873ರಲ್ಲಿ ಲಂಡನ್ನಿನಲ್ಲಿ ಸೆವಾಲಿಸ್ ಷರ್ಲಿ ಎಂಬ ಪಾರ್ಲಿಮೆಂಟ್ ಸದಸ್ಯನು ಕೆಲವು ಮಹನೀಯರೊಡನೆ ಸೇರಿ ಕೆನಲ್ ಕ್ಲಬ್ಬನ್ನು ಸ್ಥಾಪಿಸಿದನು. ಮರುವರ್ಷವೇ ಅದರ ವಂಶಾವಳಿ ಗ್ರಂಥವು ಹೊರಬಿದ್ದಿತು. 1884ರಲ್ಲಿ ಅಮೆರಿಕದಲ್ಲಿಯೂ ಇಂತಹುದೇ ಒಂದು ಸಂಸ್ಥೆ ಹುಟ್ಟಿತು. ಪ್ರತಿಯೊಂದು ತಳಿಗೂ ಮೂಗು ಹೀಗಿರಬೇಕು, ಬಾಲ ಹಾಗಿರಬೇಕು ಎಂದು ಒಂದು ಲಕ್ಷಣಪತ್ರವು ಬರೆಯಲ್ಪಟ್ಟಿತು. ವಂಶಾವಳಿ ಗ್ರಂಥದ ಬಾಗಿಲನ್ನು ಕ್ರಮೇಣ ಮುಚ್ಚಲಾಯಿತು; ಹೆಸರು ಬರೆದಿರುವ ತಂದೆತಾಯಿಗಳ ಮರಿಗಳಿಗಲ್ಲದೆ ಬೇರೆಯವಕ್ಕೆ ಒಳಗೆ ಪ್ರವೇಶವಿಲ್ಲ.

ಇದರ ಪರಿಣಾಮವನ್ನು ಬುಲ್‌ಡಾಗ್ ನಾಯಿಯಲ್ಲಿ ಕಣ್ಣಾರೆ ಕಾಣಬಹುದು. ಗೂಳಿಯೊಡನೆ ನಾಯಿಯನ್ನು ಕಾದಿಸುವ ಕ್ರೂರ ವಿನೋದವನ್ನು 1835ರಲ್ಲಿ ಇಂಗ್ಲೆಂಡಿನ ಶಾಸನವು ನಿಷೇಧಿಸಿತು. ಕಾದಾಟವಿದ್ದಾಗ ಆ ನಾಯಿಗೆ ಬಲವೂ ಉಸಿರೂ ಬೇಕಾಗಿದ್ದುವು. ಪ್ರದರ್ಶನದ ಅಂಗಳದಲ್ಲಿ ದೊಡ್ಡ ತಲೆ, ಚಪ್ಪಟೆ ಮುಖಗಳಿದ್ದರೆ ಸಾಕಾಯಿತು. ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಈ ತಳಿಯ ಹೆರಿಗೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೊಟ್ಟೆಯನ್ನು ಕೊಯ್ದೇ ಆಗತಕ್ಕವು. ಗೂಳಿಯ ಕೊಂಬಿನಿಂದ ಪಾರುಮಾಡಿದ ದಯೆಯು ವೈದ್ಯನ ಕತ್ತಿಗೆ ಒಪ್ಪಿಸಿತು.

ನಮ್ಮ ಧರ್ಮಶಾಸ್ತ್ರಕಾರರು ಸಗೋತ್ರ ವಿವಾಹವನ್ನು ನಿಷೇಧಿಸಿ, ತಂದೆಯ ಕಡೆಯಲ್ಲಿ ಏಳು ತಲೆ, ತಾಯಿಯ ಕಡೆಯಲ್ಲಿ ಐದು ತಲೆಗಳವರೆಗೆ ಸಾಪಿಂಡ್ಯವನ್ನು ಎಣಿಸಿದರಷ್ಟೆ. ಅವರ ಕಾರಣಗಳು ಬೇರೆಯಿರಬಹುದು. ದಕ್ಷಿಣದೇಶದವರು ಸೋದರಮಾವನ ಮಗಳನ್ನು ವರಿಸುವ ಆಚಾರವನ್ನು ಬೋಧಾಯನರೇ ಹೆಸರಿಸಿ ಹೇಳಿರುವುದರಿಂದ, ಈ ವಿಷಯದಲ್ಲಿ ನಾವು ಪರರಿಗೆ ಉಪದೇಶ ಮಾಡುವಷ್ಟು ಶುದ್ಧರೇನೂ ಅಲ್ಲ. ಅದಂತಿರಲಿ. ಪ್ರದರ್ಶನದ ನಾಯಿಗಳಲ್ಲಿ ತಂದೆಗೆ ಮಗಳನ್ನೂ ಅಣ್ಣನಿಗೆ ತಂಗಿಯನ್ನೂ ಕೂಡಿಸುವುದು ಕುಲದ ಗುಣವನ್ನು ಗಟ್ಟಿಮಾಡುವ ಉಪಾಯವೆಂದು ಎಣಿಸಲ್ಪಟ್ಟಿದ್ದಿತು. ಗುಣವು ಗಟ್ಟಿಯಾಗುವಂತೆಯೇ ದೋಷವೂ ಗಟ್ಟಿಯಾಗುವುದೆಂಬುದನ್ನು ಯಾರೂ ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಂಗ್ಲೆಂಡಿನ ಕೆನಲ್ ಕ್ಲಬ್ಬು ಇಂತಹ ಕೂಡಿಕೆಗಳ ಮರಿಗಳನ್ನು ದಾಖಲು ಮಾಡಿಕೊಳ್ಳುವುದನ್ನು ನಿಲ್ಲಿಸಿದುದು 2009ರಲ್ಲಿ.

ಚುಕ್ಕೆನಾಯಿಯಲ್ಲಿ ಗಟ್ಟಿಯಾದ ದೋಷವು ಕಣ್ಣಿಗೆ ಕಾಣತಕ್ಕುದಲ್ಲ. ಮಾಂಸಾದಿ ಆಹಾರಗಳು ಜೀರ್ಣವಾಗುವಾಗ ದೇಹದಲ್ಲಿ ಯೂರಿಕ್ ಆಮ್ಲವೆಂಬ ಕಲ್ಮಷವು ಉಂಟಾಗುವುದು. ನಾಯಿ ಮೊದಲಾದ ಬಹುತರ ಸಸ್ತನಿಗಳ ಯಕೃತ್ತು ಇದನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟಾಯಿನ್ ಎಂಬ ಪದಾರ್ಥವನ್ನಾಗಿ ಮಾರ್ಪಡಿಸುವುದು. ಮನುಷ್ಯನಿಗೂ ದೊಡ್ಡ ವಾನರಗಳಿಗೂ ಆ ಶಕ್ತಿಯಿಲ್ಲ. ಆದಕಾರಣವೇ ಕೀಲುಗಳಲ್ಲಿ ಈ ಆಮ್ಲವು ಹರಳುಗಟ್ಟಿ ವಾತರಕ್ತವೆಂಬ ಬೇನೆಯು ನಮ್ಮನ್ನು ಪೀಡಿಸುವುದು. ಡಾಲ್ಮೇಶಿಯನ್ ಈ ವಿಷಯದಲ್ಲಿ ನಾಯಿಗಳ ಗುಂಪನ್ನು ಬಿಟ್ಟು ನಮ್ಮ ಕಡೆಗೆ ಬಂದಿದೆಯೆಂಬುದನ್ನು ಅಮೆರಿಕದ ರಸಾಯನಶಾಸ್ತ್ರಜ್ಞನಾದ ಸ್ಟಾನ್ಲಿ ಬೆನೆಡಿಕ್ಟನು 1916ರಲ್ಲಿ ಪ್ರಕಟಿಸಿದನು. ಸಾಮಾನ್ಯ ನಾಯಿಯ ಮೂತ್ರದಲ್ಲಿ ದಿನವೊಂದಕ್ಕೆ ಹೊರಬೀಳುವ ಯೂರಿಕ್ ಆಮ್ಲವು 10ರಿಂದ 60 ಮಿಲಿಗ್ರಾಂ. ಇದರದು 400ರಿಂದ 600. ಇಷ್ಟನ್ನು ನೀರು ಕರಗಿಸಿಡಲಾರದೆ ಹೋದಾಗ ಹರಳು ಕಟ್ಟುವುದು. ಗಂಡುನಾಯಿಯ ಮೂತ್ರನಾಳವು ಒಂದು ಎಲುಬಿನ ಅಡಿಯ ಇಕ್ಕಟ್ಟಾದ ದೋಣಿಯಲ್ಲಿ ಹಾದುಹೋಗುವುದರಿಂದ ಕಲ್ಲು ಅಲ್ಲಿ ಸಿಕ್ಕಿಕೊಂಡಿತೆಂದರೆ ಮೂತ್ರವು ಪೂರ್ಣವಾಗಿ ಕಟ್ಟಿಹೋಗುವುದು. ಶೀಘ್ರವಾಗಿ ಬಿಡಿಸದಿದ್ದರೆ ಮರಣವೇ ಗತಿ.

ದೋಷವಿರುವ ಸ್ಥಳವನ್ನು ಹುಡುಕಲು ಮಾಡಿದ ಪ್ರಯತ್ನಗಳು ದೀರ್ಘವಾದುವು. 1938ರಲ್ಲಿ ಟ್ರಿಂಬಲ್ ಮತ್ತು ಕೀಲರ್ ಎಂಬಿಬ್ಬರು, ತಂದೆ ಮತ್ತು ತಾಯಿ ಎರಡೂ ಕಡೆಯಿಂದ ಬಂದಲ್ಲಿ ಮಾತ್ರ ಪ್ರಕಟವಾಗುವ ಆನುವಂಶಿಕ ಗುಣವಿದೆಂದು ಬೇರೆ ತಳಿಯೊಡನೆ ಕೂಡಿಸಿ ತೋರಿಸಿದರು. 1966ರಲ್ಲಿ ಡಾಲ್ಮೇಶಿಯನ್ನಿನ ಮೂತ್ರಪಿಂಡವನ್ನು ಬೇರೆ ನಾಯಿಗೂ, ಅದರದನ್ನು ಇದಕ್ಕೂ ಅದಲುಬದಲು ಮಾಡಿ ನೋಡಿದರು. ಆಮ್ಲದ ಪ್ರಮಾಣವು ಯಥಾಪ್ರಕಾರವಾಗಿಯೇ ಉಳಿಯಿತು. ಯಕೃತ್ತನ್ನು ಬದಲಿಸಿ ಮಾಡಿದ, 1972ರಲ್ಲಿ ಪ್ರಕಟವಾದ ಪ್ರಯೋಗದಿಂದ ರಹಸ್ಯವು ಬಯಲಾಯಿತು. ಆಮ್ಲವನ್ನು ಮಾರ್ಪಡಿಸುವ ದ್ರವ್ಯವು ಇದರ ಯಕೃತ್ತಿನಲ್ಲಿ ಉಂಟು. ಆದರೆ ಆಮ್ಲವು ಯಕೃತ್ತಿನ ಕಣಗಳೊಳಕ್ಕೆ ಹೋಗುವ ದಾರಿಯೇ ಕೆಟ್ಟಿದೆ. ಅಡಿಗೆಯವನು ಮನೆಯೊಳಗಿದ್ದಾನೆ, ಕದ ತೆರೆಯುವವನಿಲ್ಲ ಎಂಬಂತಾಯಿತು.

ಎಲ್ಲಾ ಡಾಲ್ಮೇಶಿಯನ್‌ಗಳಲ್ಲಿಯೂ ದೋಷವಿರುವಾಗ, ತಳಿಯೊಳಗೇ ಎಷ್ಟು ಆರಿಸಿ ಕೂಡಿಸಿದರೂ ಅದು ಹೋಗಲಾರದು. ಬತ್ತಿದ ಬಾವಿಯನ್ನು ಎಷ್ಟು ಸಲ ಸೇದಿದರೇನು? ಇದನ್ನು ಕಂಡ ರಾಬರ್ಟ್ ಷೈಬಲ್ ಎಂಬ ಅಮೆರಿಕದ ಆನುವಂಶಿಕ ಶಾಸ್ತ್ರಜ್ಞನು, ತಾನೂ ಈ ತಳಿಯನ್ನು ಸಾಕುವವನಾಗಿದ್ದವನು, 1973ರಲ್ಲಿ ಒಂದು ಡಾಲ್ಮೇಶಿಯನ್ನಿಗೂ ಒಂದು ಪಾಯಿಂಟರ್ ನಾಯಿಗೂ ಸಂಯೋಗ ಮಾಡಿಸಿದನು. ಹಾಗೆ ಮಾಡಿಸಿದುದು ಒಂದೇ ಸಲ. ಅಲ್ಲಿಂದ ಮುಂದೆ ಪ್ರತಿ ತಲೆಮಾರಿನಲ್ಲಿಯೂ, ಒಳ್ಳೆಯ ಬೀಜವು ಬಂದಿರುವ ಮರಿಯನ್ನು ಮೂತ್ರಪರೀಕ್ಷೆಯಿಂದ ಆರಿಸಿ ಶುದ್ಧ ಡಾಲ್ಮೇಶಿಯನ್ನಿಗೇ ಕೂಡಿಸುತ್ತ ಬಂದನು. ಮೊದಲ ಮರಿಗಳಲ್ಲಿ ಪಾಯಿಂಟರಿನ ರಕ್ತ ಅರ್ಧ, ಮುಂದಿನವುಗಳಲ್ಲಿ ಕಾಲು, ಆಮೇಲೆ ಅರೆಕಾಲು, ವೀಸ, ಅರೆವೀಸ. ಹೀಗೆ ಕೆಲವು ತಲೆಮಾರುಗಳು ಕಳೆದಾಗ, ನೋಟದಲ್ಲಿಯೂ ನಡತೆಯಲ್ಲಿಯೂ ಡಾಲ್ಮೇಶಿಯನ್ನೇ ಆಗಿದ್ದು, ಮೂತ್ರದಲ್ಲಿ ಮಾತ್ರ ಇತರ ನಾಯಿಗಳಂತಿರುವ ಸಂತಾನವು ದೊರೆಯಿತು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬು ಅವುಗಳಲ್ಲಿ ಎರಡನ್ನು ತನ್ನ ಗ್ರಂಥದಲ್ಲಿ ಬರೆದುಕೊಂಡಿತು.

ಬರೆದುಕೊಂಡೊಡನೆಯೇ ಡಾಲ್ಮೇಶಿಯನ್ ಪ್ರಿಯರ ಸಂಘದಲ್ಲಿ ಕೋಲಾಹಲವಾಯಿತು. ಸಂಘದವರ ವಿರೋಧವನ್ನು ನೋಡಿ ಕೆನಲ್ ಕ್ಲಬ್ಬು ಆ ನಾಯಿಗಳ ಸಂತಾನಕ್ಕೆ ಪ್ರವೇಶವನ್ನು ತಡೆಹಿಡಿಯಿತು. ವಿರೋಧಿಸಿದವರ ವಾದವನ್ನೂ ಹೇಳುವುದು ನ್ಯಾಯ. ದೋಷವು ಎಲ್ಲಾ ನಾಯಿಗಳಲ್ಲಿದ್ದರೂ ಕಲ್ಲು ಕಟ್ಟುವುದು ಎಲ್ಲವಕ್ಕೂ ಅಲ್ಲ. ಯಥೇಚ್ಛವಾಗಿ ನೀರು ಕುಡಿಸಿ, ಯಕೃತ್ತು ಮೊದಲಾದ ಮಾಂಸಗಳನ್ನು ವರ್ಜಿಸಿ, ಪಥ್ಯದಲ್ಲಿಟ್ಟರೆ ಬಹುಪಾಲು ನಾಯಿಗಳು ಸುಖವಾಗಿಯೇ ಬಾಳುವುವು. ಹೊಸ ಸಂತಾನದಲ್ಲಿ ಚುಕ್ಕೆಗಳು ಸಣ್ಣವಾಗಿಯೂ ಅಂಚು ಮಸುಕಾಗಿಯೂ ಬರುತ್ತವೆ. ಪಾಯಿಂಟರಿನಿಂದ ಬೇರೆ ಯಾವ ರೋಗ ಬರುವುದೋ ಬಲ್ಲವರಾರು? ಇವೆಲ್ಲವೂ ವಿಚಾರಾರ್ಹವಾದುವೇ. ಆದರೆ ಇವುಗಳ ಹಿಂದೆ ಬಾಯಿಬಿಟ್ಟು ಹೇಳಿದ, ಹೇಳದ ಮಾತೊಂದಿತ್ತು. ಅದು ಸಂಕರವೆಂಬ ಭಯ. ಒಂದು ಹನಿ ಬೇರೆ ರಕ್ತ ಸೇರಿದ ಮೇಲೆ ಎಷ್ಟು ತಲೆಮಾರು ಕಳೆದರೇನು, ಅದು ಡಾಲ್ಮೇಶಿಯನ್ ಅಲ್ಲವೆಂಬುದು ಅವರ ಸಿದ್ಧಾಂತ. ಆ ಶುದ್ಧಿಯ ಗ್ರಂಥಕ್ಕೆ ಆಗ ನೂರು ವರ್ಷಗಳ ವಯಸ್ಸೂ ಆಗಿರಲಿಲ್ಲ. ಅದಕ್ಕೆ ಮುಂಚೆ ಗಾಡಿಯ ಪಕ್ಕದಲ್ಲಿ ಓಡುತ್ತಿದ್ದ ನಾಯಿಗಳ ಜಾತಕವನ್ನು ಯಾರು ನೋಡಿದ್ದರು? ಸಂಘದ ಸದಸ್ಯರು ಮತ ಹಾಕಿ ಪ್ರವೇಶವನ್ನು ನಿರಾಕರಿಸಿದರು. ಷೈಬಲನೂ ಅವನ ಕೆಲವು ಮಿತ್ರರೂ ಆ ಸಂತಾನವನ್ನು ಗ್ರಂಥದ ಹೊರಗೇ ಉಳಿಸಿಕೊಂಡು, ತಲೆಮಾರಿನ ಮೇಲೆ ತಲೆಮಾರಾಗಿ ಬೆಳೆಸುತ್ತ ಬಂದರು. ಅವರು ಅಷ್ಟು ತಾಳ್ಮೆ ವಹಿಸದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

2008ರಲ್ಲಿ ಎರಡು ಸಂಗತಿಗಳು ಕೂಡಿಬಂದುವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಡ್ಯಾನಿಕಾ ಬ್ಯಾನಾಷ್ ಎಂಬ ವಿದುಷಿಯೂ ಅವರ ಸಹಕಾರಿಗಳೂ ದೋಷದ ಮೂಲವಾದ ಜೀನನ್ನೇ ಕಂಡುಹಿಡಿದರು. ಎಸ್‌ಎಲ್‌ಸಿ2ಎ9 ಎಂದು ಅದರ ಹೆಸರು. ಅದರಲ್ಲಿ ಒಂದೇ ಒಂದು ಅಕ್ಷರವು ತಪ್ಪಿಬಿದ್ದು, ಆಮ್ಲಕ್ಕೆ ದಾರಿ ಕೊಡುವ ದ್ವಾರವು ಕೆಟ್ಟಿರುವುದು. ಅವರು ಪರೀಕ್ಷಿಸಿದ ಡಾಲ್ಮೇಶಿಯನ್‌ಗಳಲ್ಲಿ, ಷೈಬಲನ ಸಂತಾನವನ್ನು ಬಿಟ್ಟು, ಉಳಿದುವೆಲ್ಲವೂ ಈ ತಪ್ಪನ್ನು ಎರಡೂ ಕಡೆಯಿಂದ ಪಡೆದಿದ್ದುವು. ಬುಲ್‌ಡಾಗಿನಲ್ಲಿಯೂ ರಷ್ಯದ ಕಪ್ಪು ಟೆರಿಯರಿನಲ್ಲಿಯೂ ಇದೇ ತಪ್ಪು ಕಂಡಿತು. ಮೂತ್ರವನ್ನು ಅಳೆಯುವ ತೊಡಕು ಹೋಗಿ, ನಾಯಿಯ ಕೆನ್ನೆಯ ಒಳಭಾಗವನ್ನು ಸವರಿ ತೆಗೆದ ಎಂಜಲಿನಿಂದಲೇ ನಿರ್ಣಯ ಹೇಳಬಹುದಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಿ.ಬಿ.ಸಿ.ಯು ವಂಶಾವಳಿಯ ನಾಯಿಗಳ ರೋಗಗಳನ್ನು ಕುರಿತು ಜೆಮೈಮಾ ಹ್ಯಾರಿಸನ್ ನಿರ್ಮಿಸಿದ ಚಿತ್ರವನ್ನು ತೋರಿಸಿತು. ಜನರಲ್ಲಿ ಎದ್ದ ಗದ್ದಲವು ಎಷ್ಟೆಂದರೆ, ಕ್ರಫ್ಟ್ಸ್ ಎಂಬ ಸುಪ್ರಸಿದ್ಧ ಪ್ರದರ್ಶನವನ್ನು ದಶಕಗಳಿಂದ ಪ್ರಸಾರ ಮಾಡುತ್ತಿದ್ದ ಬಿ.ಬಿ.ಸಿ.ಯು 2009ರಲ್ಲಿ ಅದನ್ನು ಕೈಬಿಟ್ಟಿತು. ಕೇಂಬ್ರಿಜಿನ ಪ್ರಾಣಿಶಾಸ್ತ್ರಜ್ಞ ಸರ್ ಪ್ಯಾಟ್ರಿಕ್ ಬೇಟ್ಸನ್ ಮಾಡಿದ ವಿಚಾರಣೆಯ ವರದಿಯು 2010ರ ಜನವರಿಯಲ್ಲಿ ಹೊರಬಿದ್ದಿತು.

ಆ ವರ್ಷವೇ ಇಂಗ್ಲೆಂಡಿನ ಕೆನಲ್ ಕ್ಲಬ್ಬು, ಅಮೆರಿಕದಿಂದ ಬಂದ ಫಿಯೋನಾ ಎಂಬ ಹೆಣ್ಣುನಾಯಿಯನ್ನು ತನ್ನ ಗ್ರಂಥಕ್ಕೆ ಸೇರಿಸಿಕೊಂಡಿತು. ಅದರಲ್ಲಿ ಪಾಯಿಂಟರಿನ ಅಂಶವು ಸಾವಿರದಲ್ಲಿ ಒಂದರಷ್ಟೂ ಇರಲಿಲ್ಲ. 2011ರ ಮಾರ್ಚಿಯಲ್ಲಿ ಫಿಯೋನಾ ಕ್ರಫ್ಟ್ಸ್ ಪ್ರದರ್ಶನದ ಅಂಗಳವನ್ನು ಪ್ರವೇಶಿಸಿದಾಗ ತಳಿಯ ಅಭಿಮಾನಿಗಳಲ್ಲಿ ಕೆಲವರು ಪ್ರತಿಭಟಿಸಿದರು. ನೋಡುವವರ ಕಣ್ಣಿಗೆ ಮಾತ್ರ ಅದಕ್ಕೂ ಉಳಿದ ನಾಯಿಗಳಿಗೂ ಭೇದವೇ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಸಂಘದವರೂ ಮನಸ್ಸು ಬದಲಿಸಿದರು. ಅಲ್ಲಿಯ ಕೆನಲ್ ಕ್ಲಬ್ಬು, 1981ರಲ್ಲಿ ತೆರೆದು ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಿತು. ಆದರೆ ಎರಡು ದೇಶಗಳಲ್ಲಿಯೂ ಹಳೆಯ ದೋಷವುಳ್ಳ ನಾಯಿಗಳನ್ನು ಕೂಡಿಸಲು ನಿಷೇಧವೇನೂ ಬರಲಿಲ್ಲ; ಯಾವುದನ್ನು ಆರಿಸಬೇಕೆಂಬುದು ಸಾಕುವವರ ಇಷ್ಟಕ್ಕೆ ಬಿಟ್ಟುದು.

ಮೂತ್ರದ ದೋಷಕ್ಕೆ ಹೀಗೊಂದು ದಾರಿಯಾಯಿತು. ಕಿವಿಯ ದೋಷಕ್ಕೆ ಆಗಲಿಲ್ಲ. ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ ಡಾಲ್ಮೇಶಿಯನ್‌ಗಳಲ್ಲಿ ನೂರಕ್ಕೆ ಸುಮಾರು 22 ಒಂದು ಕಿವಿಯಲ್ಲಿಯೂ, ಸುಮಾರು 8 ಎರಡು ಕಿವಿಗಳಲ್ಲಿಯೂ ಹುಟ್ಟು ಕಿವುಡು. ಮೈಯನ್ನು ಬೆಳ್ಳಗೆ ಮಾಡುವ ಗುಣವೇ ಇದಕ್ಕೆ ಕಾರಣ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಒಳಗಿವಿಯಲ್ಲಿಯೂ ಇರಬೇಕು. ಅಲ್ಲಿ ಅವು ಇಲ್ಲದೆ ಹೋದರೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮಾಂಗವು ಕೆಲವೇ ವಾರಗಳಲ್ಲಿ ನಶಿಸುವುದು. ಒಮ್ಮೊಮ್ಮೆ ಈ ತಳಿಯಲ್ಲಿ ಹುಟ್ಟುವಾಗಲೇ ಕಿವಿಯ ಬಳಿಯಲ್ಲೋ ಕಣ್ಣಿನ ಸುತ್ತಲೋ ದೊಡ್ಡದೊಂದು ಕಪ್ಪು ಮಚ್ಚೆಯನ್ನು ಹೊತ್ತು ಬರುವ ಮರಿಗಳುಂಟು. ಇಂತಹ ಮರಿಗಳಲ್ಲಿ ಕಿವುಡು ಉಳಿದವುಗಳಿಗಿಂತ ಬಹಳ ಕಡಮೆಯೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಆದರೆ ಅಮೆರಿಕದ ಲಕ್ಷಣಪತ್ರದ ಪ್ರಕಾರ ಮಚ್ಚೆಯಿರುವ ನಾಯಿಯು ಪ್ರದರ್ಶನಕ್ಕೆ ಅನರ್ಹ.