ಹಿತ್ತಲಿನ ಇಲಿ, ಬಜಾರಿನ ಬೆಂಕಿ

ನೈರೋಬಿಯಲ್ಲಿ ಹಿತ್ತಲಿರುವ ನಮ್ಮ ಸದಸ್ಯರಿಗೆಲ್ಲ ಇಲಿ ಕಾಟ ಗೊತ್ತಿದ್ದದ್ದೇ. ಆದರೆ ಈ ಊರಿನ ಚರಿತ್ರೆಯಲ್ಲಿ ಇಲಿಯ ಪಾತ್ರವೇನೆಂದು ನಮ್ಮ ಮಕ್ಕಳಿಗೂ ತಿಳಿದಿರಲಿ.

1899ರಲ್ಲಿ ರೈಲು ಬಂದಾಗ ಜೌಗು ನೆಲದ ಮೇಲೆ ಹುಟ್ಟಿದ ಊರಿದು. ಭಾರತೀಯ ವರ್ತಕರ ಬಜಾರಿನಲ್ಲಿ ಜನ ಕಿಕ್ಕಿರಿದಿದ್ದರು, ಚರಂಡಿ ಸರಿಯಿರಲಿಲ್ಲ. 1902ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ ವೈದ್ಯಾಧಿಕಾರಿಯ ಆಜ್ಞೆಯಂತೆ ಬಜಾರನ್ನೇ ಸುಡಲಾಯಿತು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುವುದೆಂದು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲೇ ಕರಾಚಿಯಲ್ಲಿ ತೋರಿಸಿದ್ದರು. ಆಗ ನಂಬಿದವರು ಕಡಿಮೆ. ಪ್ಲೇಗು ಮತ್ತೆ ಬಂತು. 1913ರಲ್ಲಿ ಬಂದ ಪ್ರೊಫೆಸರ್ ಸಿಂಪ್ಸನ್, ಆರೋಗ್ಯದ ಹೆಸರಿನಲ್ಲಿ ಬಿಳಿಯರಿಗೆ, ಏಷ್ಯನ್ನರಿಗೆ, ಆಫ್ರಿಕನ್ನರಿಗೆ ಬೇರೆ ಬೇರೆ ಬಡಾವಣೆಗಳಿರಬೇಕೆಂದು ವರದಿ ಕೊಟ್ಟರು. ಪಟ್ಟಣಗಳಲ್ಲಿ ಆ ನೀತಿಯನ್ನು ಸರಕಾರ ಕೈಬಿಟ್ಟದ್ದು 1923ರಲ್ಲಿ.

ನಮ್ಮ ಬೆಂಗಳೂರಿಗೂ 1898ರಲ್ಲಿ ಪ್ಲೇಗು ಬಂದದ್ದು ರೈಲಿನ ದಾರಿಯಲ್ಲೇ. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಗಾಳಿ-ಬೆಳಕು, ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಆಮೇಲೆ ಬೆಳೆದವು.

ಇಲಿಗೆ ಜಾತಿಯಿಲ್ಲ, ಬಣ್ಣವಿಲ್ಲ. ಎಂಜಲು ಸಿಕ್ಕಲ್ಲೇ ಅದರ ಸಂಸಾರ. ಕಸದ ಡಬ್ಬಿಗೆ ಮುಚ್ಚಳ ಹಾಕೋಣ, ಉದುರಿದ ಹಣ್ಣನ್ನು ಅಂದಂದೇ ಆಯೋಣ, ಬೇಲಿಯಾಚೆಯವರನ್ನು ದೂರದೆ ಅವರೊಡನೆ ಸೇರಿಯೇ ಬಿಲ ಮುಚ್ಚೋಣ.