ಅಲ್ಪಸಂಖ್ಯಾತರ ಉದ್ಯಮಕ್ಕೆ ಅಲ್ಪ ನೆರವು: ಅಮೆರಿಕದಲ್ಲಿ ನಾವು ನಡೆದು ಬಂದ ದಾರಿ

ಕಡಲಾಚೆಯ ಕನ್ನಡಿಗರ ಸಾಧನೆಯನ್ನು ಸ್ಮರಿಸುವಾಗ ನಮ್ಮ ಸಂಚಿಕೆಗಳು ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ಇವರನ್ನು ಮೊದಲು ನೆನೆಯುತ್ತವೆ. ಅಂಗಡಿ ತೆರೆದವರು, ನಾಲ್ಕಾರು ಜನರನ್ನು ಕೂಡಿಸಿಕೊಂಡು ಸಣ್ಣ ಉದ್ಯಮ ಕಟ್ಟಿದವರು ಆ ಪಟ್ಟಿಯ ಕೊನೆಗೆ ಸರಿಯುತ್ತಾರೆ. ಅವರಲ್ಲಿ ಹಲವರು ‘ಅಲ್ಪಸಂಖ್ಯಾತರ ಒಡೆತನದ ಉದ್ಯಮ’ ಎಂಬ ಹೆಸರಿನಲ್ಲಿ ನೆರವು ಪಡೆದರೆಂಬುದನ್ನಂತೂ ನಾವು ಸಭೆಗಳಲ್ಲಿ ಆಡುವುದೇ ಇಲ್ಲ. ಹಾಗೆ ಪಡೆದವರಲ್ಲಿ ನಾನೂ ಒಬ್ಬನಾದುದರಿಂದ, ಆ ನೆರವಿನ ಚರಿತ್ರೆಯನ್ನು ಸಮ್ಮೇಳನಕ್ಕೆ ಬಂದ ಬಂಧುಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಈ ಚರಿತ್ರೆ ನಮ್ಮಿಂದ ಆರಂಭವಾದುದಲ್ಲ. ಕರಿಯ ಜನಾಂಗದ ದೀರ್ಘ ಹೋರಾಟವೇ ಇದರ ಮೂಲ. 1967ರ ಬೇಸಗೆಯಲ್ಲಿ ನ್ಯೂಆರ್ಕ್, ಡೆಟ್ರಾಯಿಟ್ ಮೊದಲಾದ ನಗರಗಳು ದಂಗೆಯಲ್ಲಿ ಹೊತ್ತಿ ಉರಿದವು. ಕಾರಣಗಳನ್ನು ಶೋಧಿಸಿದ ಕರ್ನರ್ ಆಯೋಗವು 1968ರಲ್ಲಿ, ದೇಶವು ಅಸಮಾನವಾದ ಎರಡು ಸಮಾಜಗಳಾಗಿ ಒಡೆಯುತ್ತಿದೆಯೆಂದು ಎಚ್ಚರಿಸಿತು. ಮರುವರ್ಷ, 1969ರ ಮಾರ್ಚ್ 5ರಂದು, ಅಧ್ಯಕ್ಷ ನಿಕ್ಸನ್ ಅವರು ವಾಣಿಜ್ಯ ಇಲಾಖೆಯಲ್ಲಿ ಅಲ್ಪಸಂಖ್ಯಾತರ ಉದ್ಯಮಗಳಿಗಾಗಿಯೇ ಒಂದು ಕಚೇರಿಯನ್ನು ಸ್ಥಾಪಿಸಿದರು. 1971ರ ಇನ್ನೊಂದು ಆಜ್ಞೆಯ ಮೂಲಕ, ಇಂಥ ಉದ್ಯಮಿಗಳಿಗೆ ತರಬೇತಿ ಹಾಗೂ ಸಲಹೆ ನೀಡುವ ಸಂಸ್ಥೆಗಳಿಗೆ ಧನಸಹಾಯ ಕೊಡುವ ಅಧಿಕಾರ ವಾಣಿಜ್ಯ ಸಚಿವರಿಗೆ ದೊರೆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸರ್ಕಾರವು ಅಲ್ಪಸಂಖ್ಯಾತರ ಕೈಗೆ ಹಣದ ಥೈಲಿಯನ್ನಿತ್ತಿತೆಂದು ನಂಬುವವರಿದ್ದಾರೆ. ಕೇಂದ್ರ ಸರ್ಕಾರದ ಸಣ್ಣ ಉದ್ಯಮ ಆಡಳಿತ ಸಂಸ್ಥೆಯು ಹೊಸ ವ್ಯಾಪಾರ ತೆರೆಯಲು ಸಹಾಯಧನ ನೀಡುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಖಾತರಿ ನಿಲ್ಲುತ್ತದೆ. ಅದರ ‘8(ಎ)’ ಯೋಜನೆಯಲ್ಲಿ, ಶೇಕಡಾ 51ರಷ್ಟಾದರೂ ಒಡೆತನವುಳ್ಳ ಅರ್ಹರಿಗೆ ಸರ್ಕಾರಿ ಗುತ್ತಿಗೆಗಳಲ್ಲಿ ಅವಕಾಶವುಂಟು. ಅದೂ ಒಂಬತ್ತು ವರ್ಷಗಳ ಮಟ್ಟಿಗೆ. ಕೈಗೆ ಬರುವ ಕಿರು ಸಹಾಯಧನವು ಹೆಚ್ಚಾಗಿ ನಗರಸಭೆಗಳಿಂದ, ದತ್ತಿಗಳಿಂದ, ದೊಡ್ಡ ಕಂಪನಿಗಳಿಂದ ಬರುವಂಥದು. ನನಗೆ ದೊರೆತದ್ದು ನಮ್ಮ ಪಟ್ಟಣದ ನಿಧಿಯೊಂದರಿಂದ ಎರಡು ಸಾವಿರ ಡಾಲರ್. ಅದರಲ್ಲಿ ಒಂದು ಮುದ್ರಣ ಯಂತ್ರ ಕೊಂಡೆ. ಉಳಿದುದರಲ್ಲಿ ಬಾಗಿಲ ಮೇಲೆ ನಾಮಫಲಕ ಬರೆಸಿದೆ. ಎರಡು ಬ್ಯಾಂಕುಗಳು ಸಾಲ ನಿರಾಕರಿಸಿದ್ದ ಹೊತ್ತಿನಲ್ಲಿ, ಈ ಊರು ನನ್ನನ್ನು ನಂಬಿತೆಂಬ ಭಾವನೆ ಆ ಹಣಕ್ಕಿಂತ ದೊಡ್ಡದಾಗಿತ್ತು.

ಹಾಗಾದರೆ ಭಾರತೀಯರು ಈ ಪಟ್ಟಿಗೆ ಸೇರಿದುದು ಹೇಗೆ? ಇದು ವಿಚಿತ್ರವಾದ ಕಥೆ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರು ಪೌರತ್ವಕ್ಕಾಗಿ, ತಾವು ಬಿಳಿಯರ ವರ್ಗಕ್ಕೇ ಸೇರಿದವರೆಂದು ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪೌರತ್ವದ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1965ರ ವಲಸೆ ಕಾನೂನಿನ ಅನಂತರ. ಆದರೆ 1970ರ ಜನಗಣತಿಯಲ್ಲಿ ಭಾರತೀಯರನ್ನು ಸದ್ದಿಲ್ಲದೆ ಬಿಳಿಯರ ಜೊತೆಗೆ ಎಣಿಸಲಾಗಿತ್ತು! ಕಾಗದದ ಮೇಲೆ ಬಿಳಿಯರು, ಬ್ಯಾಂಕಿನ ಮೇಜಿನ ಮುಂದೆ ಪರಕೀಯರು.

ಈ ಸ್ಥಿತಿಯನ್ನು ಬದಲಾಯಿಸಲು ‘ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕಾ’ ಸಂಸ್ಥೆಯು 1970ರ ದಶಕದ ಮಧ್ಯಭಾಗದಲ್ಲಿ ಶ್ರಮಿಸಿತು. ‘ಇಂಡಿಯಾ ಲೀಗ್ ಆಫ್ ಅಮೆರಿಕಾ’ ಇದನ್ನು ವಿರೋಧಿಸಿತು. 1977ರ ಕೇಂದ್ರ ಆದೇಶವು ನಮ್ಮನ್ನು ಏಷ್ಯನ್ನರ ವರ್ಗಕ್ಕೆ ಸೇರಿಸಿತು. 1980ರ ಜನಗಣತಿಯು ನಮ್ಮನ್ನು ಪ್ರತ್ಯೇಕವಾಗಿ ಎಣಿಸಿ, 3 ಲಕ್ಷ 60 ಸಾವಿರಕ್ಕೂ ಹೆಚ್ಚು ಮಂದಿ ಇರುವೆವೆಂದು ಕಂಡುಕೊಂಡಿತು. ಕೊನೆಗೆ 1982ರಲ್ಲಿ ಸಣ್ಣ ಉದ್ಯಮ ಆಡಳಿತ ಸಂಸ್ಥೆಯು ಭಾರತೀಯ ಮೂಲದವರನ್ನು ‘ಸಾಮಾಜಿಕವಾಗಿ ಹಿನ್ನಡೆಗೊಳಗಾದವರು’ ಎಂದು ಮಾನ್ಯ ಮಾಡಿತು. ಬಿಳಿಯರೆಂದು ಹೇಳಿ 1923ರಲ್ಲಿ ಸೋತವರು, ಬಿಳಿಯರಲ್ಲವೆಂದು ಹೇಳಿ ಗೆದ್ದೆವು.

ಆಗ ನಮ್ಮ ಮನೆಗಳಲ್ಲಿ ನಡೆದ ಚರ್ಚೆಗಳು ಇಂದಿಗೂ ನೆನಪಿವೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, “ಓದಿ ಬಂದವರು ನಾವು, ಹಿಂದುಳಿದವರೆಂದು ಬರೆದುಕೊಡುವುದೇನಯ್ಯಾ?” ಎಂದು ನನ್ನನ್ನು ಗದರಿದ್ದರು. ನನ್ನ ಸಂಕಟ ಬೇರೆಯೇ ಆಗಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ದೊರೆಯುವ ದಾರಿ ತೆರೆದಿದ್ದರು. 1975ರಲ್ಲಿ ಹಾವನೂರ್ ಆಯೋಗದ ವರದಿ ಬಂದಾಗ, “ಯೋಗ್ಯತೆಗೆ ಬೆಲೆಯಿಲ್ಲ” ಎಂದು ಊರಿಗೆ ಉದ್ದುದ್ದ ಪತ್ರ ಬರೆದವನು ನಾನು. ಹನ್ನೊಂದು ವರ್ಷಗಳ ಬಳಿಕ, ಅದೇ ಕೈಯಿಂದ ಇಲ್ಲಿಯ ಅರ್ಜಿಗೆ ಸಹಿ ಹಾಕಿದೆ. ಅಲ್ಲಿ ಇನ್ನೊಬ್ಬರಿಗೆ ಬೇಡವೆಂದದ್ದನ್ನು ಇಲ್ಲಿ ನನಗೆ ಬೇಕೆಂದೆ. ಯೋಗ್ಯತೆಯಿದ್ದರೂ ಬಾಗಿಲು ಮುಚ್ಚಿರಬಹುದು ಎಂಬ ಸತ್ಯ, ಮುಚ್ಚಿದ ಬಾಗಿಲ ಹೊರಗೆ ನಾನೇ ನಿಂತ ಮೇಲೆ ಅರ್ಥವಾಯಿತು.

ಈಗ ಗಾಳಿಯ ದಿಕ್ಕು ಬದಲಾಗಿದೆ. 2023ರ ಜುಲೈನಲ್ಲಿ ಟೆನೆಸಿಯ ಕೇಂದ್ರ ನ್ಯಾಯಾಲಯವು, ಜನಾಂಗದ ಆಧಾರದಿಂದಲೇ ಹಿನ್ನಡೆಯನ್ನು ಊಹಿಸಿಕೊಳ್ಳುವ 8(ಎ) ನಿಯಮವನ್ನು ತಡೆಯಿತು. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಸಂಸ್ಥೆಯು ಕರಿಯ ಮಹಿಳೆಯರ ಉದ್ಯಮಗಳಿಗೆ ಇಪ್ಪತ್ತು ಸಾವಿರ ಡಾಲರುಗಳ ಸಹಾಯಧನ ನೀಡುತ್ತಿತ್ತು. ಬಿಡುಗಡೆ ಹೊಂದಿದ ಗುಲಾಮರ ರಕ್ಷಣೆಗಾಗಿ 1866ರಲ್ಲಿ ಮಾಡಿದ ಕಾನೂನನ್ನೇ ಅದರ ವಿರುದ್ಧ ಹೂಡಲಾಯಿತು. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಡೆದು, ಸೆಪ್ಟೆಂಬರಿನ ರಾಜಿಯಲ್ಲಿ ಆ ಸಹಾಯಧನ ಕೊನೆಗೊಂಡಿತು. ನಿಕ್ಸನ್ ಆರಂಭಿಸಿದ ಕಚೇರಿಯ ಇಂದಿನ ರೂಪವಾದ ಸಂಸ್ಥೆಯನ್ನು ಮೊಟಕುಗೊಳಿಸಲು 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆಜ್ಞೆ ಹೊರಟಿತು.

ಜನಾಂಗಕ್ಕಿಂತ ಬಡತನವೇ ಅಳತೆಗೋಲಾಗಲಿ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ನಮ್ಮಲ್ಲಿ ಅನುಕೂಲಸ್ಥರೂ ಈ ಸಾಲಿನಲ್ಲಿ ನಿಂತದ್ದುಂಟು. ಆದರೆ ಹತ್ತಿದ ಏಣಿಯನ್ನು ಒದೆಯುವವರ ಗುಂಪಿನಲ್ಲಿ ಕನ್ನಡಿಗರು ಇರಬಾರದು. ಆ ಏಣಿಯನ್ನು ಕಟ್ಟಿದವರು ನಾವಲ್ಲ. ನ್ಯೂಆರ್ಕಿನ, ಡೆಟ್ರಾಯಿಟಿನ ಬೀದಿಗಳಲ್ಲಿ ನೊಂದ ಜನ.

ಮಾನ್ಯ ಪ್ರತಿನಿಧಿಗಳೇ, ನಮ್ಮ ಕೂಟಗಳು ಊಟಕ್ಕೂ ಅಲಂಕಾರಕ್ಕೂ ಧಾರಾಳವಾಗಿ ವೆಚ್ಚ ಮಾಡುತ್ತವೆ. ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಯಾವ ಜನಾಂಗದವರೇ ಆಗಲಿ, ನಮ್ಮ ಊರಿನಲ್ಲಿ ಹೊಸದಾಗಿ ಅಂಗಡಿ ತೆರೆಯುವ ಕೈಲಾಗದವರಿಗೆ ಎರಡು ಸಾವಿರ ಡಾಲರ್ ಕೊಡಲಾಗದೇ? ನನ್ನ ಮೇಲಿರುವ ಎರಡು ಸಾವಿರದ ಋಣವನ್ನು ಹಿಂದಿರುಗಿಸಲು ನಾನು ಸಿದ್ಧನಿದ್ದೇನೆ. ಹನಿ ಹನಿ ಕೂಡಿದರೆ ಹಳ್ಳ.